ಒಂದೊಂದೇ ತಂತಿಯ ಗಣಕ

ಯಂತ್ರ ಕಟ್ಟುವ ಪಾಠವೊಂದನ್ನು ಸಾಹಿತ್ಯದ ಪುಟದಲ್ಲಿ ವಿಮರ್ಶಿಸುವುದು ಸರಿಯೇ ಎಂದು ವಾಚಕರು ಕೇಳಬಹುದು. ನಿರೂಪಣೆ ಕತೆಗಾರರ ಸ್ವತ್ತು ಮಾತ್ರವಲ್ಲವೆಂದು ನಾನು ತಿಳಿದಿದ್ದೇನೆ. ಕಠಿಣವಾದ ವಿಷಯವನ್ನು ಯಾವ ಕ್ರಮದಲ್ಲಿ ಹೇಳಬೇಕು, ಯಾವುದನ್ನು ಎಷ್ಟು ಹೊತ್ತು ತಡೆಹಿಡಿಯಬೇಕು ಎಂಬ ವಿವೇಕವುಳ್ಳವರೆಲ್ಲ ನಿರೂಪಕರೇ. ಅಮೆರಿಕದ ಬೆನ್ ಈಟರ್ 2019ರಲ್ಲಿ ಆರಂಭಿಸಿದ ವೀಡಿಯೋ ಮಾಲೆಯನ್ನು ನೋಡಿದ ಮೇಲೆ ನನ್ನ ಈ ನಂಬಿಕೆ ಬಲವಾಗಿದೆ. 6502 ಎಂಬ ಚಿಪ್ಪಿನ ಸುತ್ತ ಅವರು ಬ್ರೆಡ್‌ಬೋರ್ಡಿನ ಮೇಲೆ ಗಣಕವೊಂದನ್ನು ಬರಿಗೈಯಿಂದ ಕಟ್ಟಿ ತೋರಿಸುತ್ತಾರೆ.

ಈ ಚಿಪ್ಪಿಗೂ ಒಂದು ಇತಿಹಾಸವಿದೆ. 1975ರಲ್ಲಿ ಎಂಒಎಸ್ ಟೆಕ್ನಾಲಜಿ ಸಂಸ್ಥೆ ಇದನ್ನು 25 ಡಾಲರಿಗೆ ಮಾರಿತು. ಇಂಟೆಲ್‌ನ 8080 ಮೊದಲು ಬಂದಾಗ ಅದರ ಬೆಲೆ 360 ಡಾಲರು. ಸ್ಟೀವ್ ವೋಜ್ನಿಯಾಕ್ 1976ರ ಆಪಲ್-1 ಗಣಕವನ್ನು ಕಟ್ಟಿದ್ದು ಈ ಅಗ್ಗದ ಚಿಪ್ಪಿನಿಂದಲೇ.

ಈಟರ್ ಅವರ ಮೊದಲ ಹೆಜ್ಜೆಯೇ ಸೊಗಸಾದುದು. ಸ್ಮೃತಿಯಿಲ್ಲ, ಪರದೆಯಿಲ್ಲ, ಕ್ರಮವಿಧಿಯೂ ಇಲ್ಲ. ಎಂಟು ದತ್ತ ತಂತಿಗಳನ್ನು ರೋಧಕಗಳ ಮೂಲಕ 11101010 ಎಂಬ ಸಂಖ್ಯೆಗೆ ಕಟ್ಟಿಹಾಕುತ್ತಾರೆ. ಚಿಪ್ಪಿನ ಭಾಷೆಯಲ್ಲಿ ಇದರ ಅರ್ಥ ‘ಏನೂ ಮಾಡಬೇಡ’ ಎಂದು. ಏನೂ ಮಾಡದ ಚಿಪ್ಪು ಆದರೂ ಮುಂದಿನ ಆಜ್ಞೆಯನ್ನು ಅರಸುತ್ತ ಹೋಗಬೇಕಷ್ಟೆ. ಗಡಿಯಾರದ ಎರಡೆರಡು ಮಿಡಿತಕ್ಕೆ ವಿಳಾಸ ಒಂದೊಂದಾಗಿ ಏರುತ್ತದೆ. ಅದನ್ನು ಕಣ್ಣಾರೆ ಕಂಡವನಿಗೆ ಚಿಪ್ಪು ಜೀವಂತವಾಗಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹೀಗೆ ಪ್ರತಿಯೊಂದು ಹೆಜ್ಜೆಯೂ ಪರೀಕ್ಷೆಗೆ ಒಳಪಟ್ಟ ಬಳಿಕವೇ ಮುಂದಿನದು. ಈ ಕೃತಿ ನಮ್ಮಿಂದ ನಂಬಿಕೆಯನ್ನು ಸಾಲ ಕೇಳುವುದಿಲ್ಲ.

ಇನ್ನೂ ಹೆಚ್ಚಿನ ಕುಶಲತೆ ಕಾಣುವುದು ನಡುವಿನ ಭಾಗದಲ್ಲಿ. ಪುಟ್ಟ ಪರದೆಯ ಮೇಲೆ ಅಕ್ಷರಗಳು ಮೂಡುತ್ತವೆ. ಆದರೆ ಪ್ರತಿ ಅಕ್ಷರಕ್ಕೂ ಅವೇ ಆಜ್ಞೆಗಳನ್ನು ಮತ್ತೆ ಮತ್ತೆ ಬರೆಯಬೇಕು. ಬೇಸರಗೊಂಡು ಅವನ್ನೊಂದು ಉಪಕ್ರಮವಾಗಿ ಕಟ್ಟಿದರೆ ಯಂತ್ರ ದಾರಿ ತಪ್ಪುತ್ತದೆ. ಹಿಂದಿರುಗಬೇಕಾದ ವಿಳಾಸವನ್ನು ಬರೆದಿಡಲು ಅದಕ್ಕೆ ಸ್ಥಳವೇ ಇಲ್ಲ! ಆಗ ಬರುತ್ತದೆ ರ‍್ಯಾಮ್. ಪಠ್ಯಪುಸ್ತಕ ಮೊದಲ ಪುಟದಲ್ಲಿಯೇ ಕೊಟ್ಟುಬಿಡುವ ವ್ಯಾಖ್ಯೆಯನ್ನು ಇಲ್ಲಿ ಕೊರತೆಯೇ ಕಲಿಸುತ್ತದೆ. ನಾಟಕಕಾರನೊಬ್ಬ ಪಾತ್ರವನ್ನು ತಡವಾಗಿ ರಂಗಕ್ಕೆ ತರುವ ಜಾಣ್ಮೆ ಇದು.

ಆದರೂ ಎರಡು ಆಕ್ಷೇಪಣೆಗಳನ್ನು ಹೇಳಲೇಬೇಕು. ಮೊದಲನೆಯದು, ಇಲ್ಲಿಯ ಹಳತು ಪೂರ್ಣ ಹಳತಲ್ಲ. 1975ರ ಮೂಲ ಚಿಪ್ಪಿನ ಗಡಿಯಾರವನ್ನು ನಿಲ್ಲಿಸಿದರೆ ಅದರೊಳಗಿನ ಮೌಲ್ಯಗಳು ಅಳಿಯುತ್ತಿದ್ದವು. ಈಟರ್ ಬಳಸುವುದು ಅದರ ನಂತರದ ಸಿಎಂಒಎಸ್ ರೂಪ. ಆದ್ದರಿಂದಲೇ ಅದನ್ನು ಒಂದೊಂದು ಮಿಡಿತಕ್ಕೂ ನಿಲ್ಲಿಸಿ ನೋಡಲು ಸಾಧ್ಯ. ಪಾಠದ ಪಾರದರ್ಶಕತೆಯೇ ಹೊಸ ಕಾಲದ ಕೊಡುಗೆ. ಎರಡನೆಯದು, ಚಿಪ್ಪಿನ ಒಳಗು ಕೊನೆಯವರೆಗೂ ಮುಚ್ಚಿಯೇ ಇರುತ್ತದೆ. ಇದಕ್ಕೆ ಮೊದಲು ಸಣ್ಣ ಸಣ್ಣ ತರ್ಕ ಚಿಪ್ಪುಗಳಿಂದ, ಕೇವಲ 16 ಬೈಟ್ ಸ್ಮೃತಿಯ ಗಣಕವನ್ನು ಅವರೇ ಕಟ್ಟಿ ತೋರಿಸಿದ್ದರು. ಅದು ಹೆಚ್ಚು ಶ್ರಮದ, ಕಡಿಮೆ ಉಪಯೋಗದ ಕೃತಿ. ಆದರೆ ತಿಳಿವಳಿಕೆಯ ದೃಷ್ಟಿಯಿಂದ ಅದೇ ಮೇಲೆಂದು ನನ್ನ ಅಭಿಪ್ರಾಯ. ತೋರಿಸಿದಂತೆಯೇ ತಂತಿ ಚುಚ್ಚಿ ಗೆದ್ದವನು ನಕಲುಗಾರನಾಗಿ ಉಳಿಯುವ ಅಪಾಯವೂ ಇಲ್ಲದಿಲ್ಲ.

ಹಾಗಿದ್ದರೂ ಇದರ ಬೆಲೆಯನ್ನು ಕಡಿಮೆ ಎಣಿಸಲಾರೆ. ಇಂದು ನಮ್ಮ ಹಣ, ಪತ್ರ, ಗುರುತು ಎಲ್ಲವೂ ನಾವು ಬಿಚ್ಚಿ ನೋಡಲಾರದ ಯಂತ್ರಗಳ ವಶದಲ್ಲಿವೆ. ಅವು ಹೇಳಿದ್ದಕ್ಕೆ ತಲೆಯಾಡಿಸುವುದು ನಮಗೆ ಅಭ್ಯಾಸವಾಗಿದೆ. ಗಣಕ ಕಟ್ಟುವವರು ನಮ್ಮಲ್ಲಿ ಎಷ್ಟು ಮಂದಿ? ಬಹಳವಿರಲಾರರು, ಇರಬೇಕಾಗಿಯೂ ಇಲ್ಲ. ಆದರೆ ‘ಇದು ಸರಿಯಾಗಿದೆಯೆಂದು ನಿನಗೆ ಹೇಗೆ ಗೊತ್ತು?’ ಎಂದು ಪ್ರತಿ ಹೆಜ್ಜೆಗೂ ನಿಂತು ಕೇಳುವ ಮನಸ್ಸು ಎಲ್ಲರಿಗೂ ಬೇಕು. ಆ ಮನಸ್ಸನ್ನು ಉಪದೇಶವಿಲ್ಲದೆ, ಬರಿಯ ತಂತಿ ಮತ್ತು ದೀಪಗಳಿಂದ ಬೆಳೆಸುವ ಕೃತಿಗೆ ವಿಮರ್ಶಕನ ಗೌರವ ಸಲ್ಲಬೇಕು.