ಮೂರು ಗುಟುಕು, ಆಮೇಲೆ ಬಟ್ಟಲು

ಟಿಬೆಟನ್ನರ ಮನೆಯಲ್ಲಿ ಲೋಸಾರ್ ಎಂಬ ಹೊಸವರ್ಷದ ಹಬ್ಬದ ದಿನ ಅತಿಥಿಯ ಕೈಗೆ ಬರುವ ಬಟ್ಟಲಲ್ಲಿ ಗಂಜಿತಿಳಿಯಂತೆ ಮಸುಕು ಬಿಳಿ ಪಾನೀಯವಿರುತ್ತದೆ. ಹೆಸರು ಛಾಂಗ್, ಬಾರ್ಲಿಯನ್ನು ಹುದುಗಿಸಿ ಮಾಡಿದ ಮನೆಬಿಯರ್. ಮೊದಲು ಉಂಗುರದ ಬೆರಳನ್ನು ಅದರಲ್ಲಿ ಅದ್ದಿ ಮೂರು ಸಲ ಗಾಳಿಗೆ ಚಿಮುಕಿಸಬೇಕು. ಅದು ಬುದ್ಧ, ಧರ್ಮ, ಸಂಘಗಳ ಪಾಲು. ಒಂದು ಗುಟುಕು ಕುಡಿದರೆ ಮನೆಯವರು ಬಟ್ಟಲನ್ನು ಮತ್ತೆ ಕಂಠಮಟ್ಟ ತುಂಬುತ್ತಾರೆ. ಎರಡನೆಯದಕ್ಕೂ ಹಾಗೆಯೇ, ಮೂರನೆಯದಕ್ಕೂ ಹಾಗೆಯೇ. ಆಮೇಲೆ ತುಂಬಿದ್ದನ್ನು ಪೂರ್ತಿ ಬರಿದು ಮಾಡುವುದು ಮರ್ಯಾದೆ.

ಉತ್ತರ ಕನ್ನಡದ ಮುಂಡಗೋಡಿಗೆ ಈ ಪದ್ಧತಿ ಬಂದದ್ದು 1966ರಲ್ಲಿ, ಡೋಗುಲಿಂಗ್ ಟಿಬೆಟನ್ ನೆಲೆಯ ಜೊತೆಗೆ. ಡ್ರೆಪುಂಗ್, ಗಾಂಡೆನ್ ಮಠಗಳು ಮರುಹುಟ್ಟು ಪಡೆದದ್ದೂ ಇಲ್ಲಿಯೇ. ವಿನಯ ಎಂಬ ಮಠದ ಕಟ್ಟಳೆಯಂತೆ ಭಿಕ್ಷುಗಳಿಗೆ ಮದ್ಯ ನಿಷಿದ್ಧ. ಆದ್ದರಿಂದ ಛಾಂಗ್ ಏನಿದ್ದರೂ ಗೃಹಸ್ಥರ ಮನೆಯ ಸಂಗತಿ. ಹಬ್ಬ, ಮದುವೆ, ಸುಗ್ಗಿಗೆ ಸೇರಿದ್ದು.

ಮುಂಡಗೋಡಿನ ಈ ಬಿಳಿ ಬಿಯರಿಗೂ ಲೋಕದ ರಸಿಕರು ಇಂದು ತಲೆಯ ಮೇಲೆ ಹೊತ್ತು ಕುಣಿಯುವ ಪೀಪಾಯಿಯಲ್ಲಿ ಮಾಗಿಸಿದ ಸ್ಟೌಟ್ ಎಂಬ ಕಪ್ಪು ಬಿಯರಿಗೂ ಏನು ನಂಟು? ಎರಡರ ತಾಯಿಬೇರೂ ಬಾರ್ಲಿ. ಸ್ಟೌಟಿನ ಕಪ್ಪು ಬಣ್ಣ, ಕಾಫಿಯಂಥ ಕಹಿ ಬರುವುದು ಬಾರ್ಲಿಯನ್ನು ಕಾಫಿಬೀಜದಂತೆ ಕಡುವಾಗಿ ಹುರಿಯುವುದರಿಂದ. ಟಿಬೆಟನ್ನರ ದಿನನಿತ್ಯದ ತ್ಸಂಪಾ ಕೂಡ ಹುರಿದ ಬಾರ್ಲಿಯ ಹಿಟ್ಟೇ, ನಮ್ಮ ರಾಗಿ ಹುರಿಹಿಟ್ಟಿನ ಒಡಹುಟ್ಟು. ಛಾಂಗಿಗೆ ಮಾತ್ರ ಕಾಳನ್ನು ಹುರಿಯುವುದಿಲ್ಲ, ಬೇಯಿಸುತ್ತಾರೆ. ಬಾರ್ಲಿಯ ಬದಲು ಅಕ್ಕಿಯಲ್ಲೂ ಮಾಡುವುದುಂಟು.

ಪೀಪಾಯಿಯ ಕಥೆಗೆ ಅಮೆರಿಕದ ಕಾನೂನೊಂದು ಕಾರಣ. ಬರ್ಬನ್ ವಿಸ್ಕಿಯನ್ನು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕೆಂದು ಅಲ್ಲಿನ ನಿಯಮ. ಒಮ್ಮೆ ಬಳಸಿದ ಪೀಪಾಯಿ ಮತ್ತೆ ಬರ್ಬನ್ನಿಗೆ ಬರುವುದಿಲ್ಲ, ಹಾಗಾಗಿ ಮಾರಾಟಕ್ಕೆ ಸಿಗುತ್ತದೆ. 1990ರ ದಶಕದಲ್ಲಿ ಷಿಕಾಗೋದ ಗೂಸ್ ಐಲೆಂಡ್ ಬಿಯರ್ ಕಂಪನಿ ಅಂಥ ಪೀಪಾಯಿಗಳಲ್ಲಿ ತನ್ನ ಗಟ್ಟಿ ಸ್ಟೌಟನ್ನು ತಿಂಗಳುಗಟ್ಟಲೆ ಇಟ್ಟು 'ಬರ್ಬನ್ ಕೌಂಟಿ ಸ್ಟೌಟ್' ಎಂದು ಕರೆಯಿತು. ಮರದಿಂದ ವೆನಿಲ್ಲಾದ ಕಂಪು ಇಳಿಯಿತು. ಸುಟ್ಟ ಪದರದಿಂದ ಕಾಯಿಸಿದ ಸಕ್ಕರೆಯ ಸೊಗಡು, ಹಲಗೆಯಲ್ಲಿ ಉಳಿದಿದ್ದ ವಿಸ್ಕಿಯಿಂದ ಎದೆ ಬಿಸಿಯಾಗಿಸುವ ಘಾಟು ಬಂತು. ಚೆನ್ನಾಗಿ ಕೂಡಿದಾಗ ಅದು ನಿಜಕ್ಕೂ ದೊಡ್ಡ ಪಾನೀಯ. ಸಣ್ಣ ಗಾಜಿನ ಲೋಟದಲ್ಲಿ ಸುರಿದು, ತಣ್ಪು ಬಿಡುವವರೆಗೆ ಕಾದು ಕುಡಿದರೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ.

ಆದರೆ ಬಹಳ ಸಲ ಮರವೇ ಮಾತಾಡುತ್ತದೆ, ಕಾಳು ಬಾಯಿ ಮುಚ್ಚಿ ಕೂರುತ್ತದೆ. ವೆನಿಲ್ಲಾ, ತೆಂಗು, ಸಿಹಿ, ಮತ್ತಷ್ಟು ಸಿಹಿ. ಕುಡಿದವನಿಗೆ ಪೀಪಾಯಿ ನೆನಪಿರುತ್ತದೆ, ಬಾರ್ಲಿ ನೆನಪಿರುವುದಿಲ್ಲ. ಇದನ್ನು ಹಿರಿಮೆ ಎನ್ನಲಾಗದು.

ಹುಳಿಯ ವಿಷಯಕ್ಕೆ ಬಂದರೆ ಸ್ಟೌಟ್, ಛಾಂಗ್ ಎರಡರ ಅಂತರ ಸ್ಪಷ್ಟವಾಗುತ್ತದೆ. 2015ರ ಬರ್ಬನ್ ಕೌಂಟಿಯ ಕೆಲವು ಬಾಟಲಿಗಳು ಹುಳಿಯಾದವು. ಹುಳಿ ಬರಿಸಿದ್ದು ಲ್ಯಾಕ್ಟೋಬ್ಯಾಸಿಲಸ್ ಬಳಗದ ಸೂಕ್ಷ್ಮಾಣು. ಕೊಂಡವರಿಗೆ ಕಂಪನಿ ಹಣ ಹಿಂದಿರುಗಿಸಿತು, ಸರಿಯಾಗಿಯೇ ಮಾಡಿತು. ಸ್ಟೌಟಿನ ಕಹಿ, ಸಿಹಿಗಳ ನಡುವೆ ಆ ಹುಳಿಗೆ ಜಾಗವಿಲ್ಲ. ಛಾಂಗಿನಲ್ಲಿ ಹಾಗಲ್ಲ. ಮೊಸರಿನ ನೆನಪು ತರುವ ಹುಳಿ ಇಲ್ಲದಿದ್ದರೆ ಅದು ಬರೀ ಸಪ್ಪೆ ಅಂಬಲಿ. ಒಂದರಲ್ಲಿ ದೋಷವಾದದ್ದು ಇನ್ನೊಂದರಲ್ಲಿ ಜೀವ.

ಛಾಂಗ್ ಮಾಡುವುದರಲ್ಲಿ ಕೈಯ ಅಂದಾಜೇ ಎಲ್ಲ. ಬೆಂದ ಕಾಳನ್ನು ಹರಡಿ ಆರಲು ಬಿಡುತ್ತಾರೆ. ಅಂಗೈ ಇಟ್ಟರೆ ಉಗುರುಬೆಚ್ಚಗಿರಬೇಕು. ಇನ್ನೂ ಬಿಸಿಯಿದ್ದರೆ ಹೆಪ್ಪು ಸಾಯುತ್ತದೆ, ತೀರಾ ತಣ್ಣಗಾದರೆ ಏಳುವುದಿಲ್ಲ. ಫಬ್ ಎಂಬ ಒಣ ಹೆಪ್ಪಿನ ಬಿಲ್ಲೆಯನ್ನು ಬೆರಳಲ್ಲಿ ಪುಡಿಮಾಡಿ ಉದುರಿಸಿ, ಬೆರೆಸಿ, ಪಾತ್ರೆಗೆ ತುಂಬಿ ಕಂಬಳಿ ಸುತ್ತಿಡುತ್ತಾರೆ. ಬಿಯರಿಗೆ ಬಾರ್ಲಿಯನ್ನು ಮೊಳಕೆ ಬರಿಸಿ ಪಿಷ್ಟವನ್ನು ಸಕ್ಕರೆಯಾಗಿಸಿದರೆ, ಇಲ್ಲಿ ಆ ಕೆಲಸ ಹೆಪ್ಪಿನೊಳಗಿನ ಬೂಷ್ಟಿನದು. ಅದು ಸಕ್ಕರೆ ಮಾಡುತ್ತಾ ಹೋದಂತೆ ಜೊತೆಗಿರುವ ಯೀಸ್ಟ್ ಅದನ್ನು ಮದ್ಯವಾಗಿಸುತ್ತದೆ. ಒಂದೆರಡು ದಿನ ಕಳೆದು ಕಂಬಳಿ ಸರಿಸಿದಾಗ ಮಾಗಿದ ಹಣ್ಣಿನ ವಾಸನೆ ಬಂದರೆ ಗೆದ್ದಂತೆ. ನೀರು ಸೇರಿಸಿ ಸೋಸಿದರೆ ಮೊದಲ ತಿಳಿ ಗಟ್ಟಿ. ಅದೇ ಕಾಳಿಗೆ ಮತ್ತೆ ನೀರು ಹಾಕಿ ತೆಗೆದದ್ದು ತೆಳು.

ಲ್ಹಾಸಾದ ಚಳಿಗೆ ಹುಟ್ಟಿದ ಈ ವಿದ್ಯೆಗೆ ಮಲೆನಾಡಿನ ಅಂಚಿನ ಮುಂಡಗೋಡಿನ ಸೆಕೆ ಹೊಸ ಲೆಕ್ಕ ಕಲಿಸುತ್ತದೆ. ಇಲ್ಲಿ ಹುದುಗು ಬೇಗ ಏಳುತ್ತದೆ, ಬೇಗ ಹುಳಿಯುತ್ತದೆ. ಇದೇ ಸೆಕೆ ಬೆಂಗಳೂರಿನ ಅಮೃತ್ ಡಿಸ್ಟಿಲರಿಯಲ್ಲೂ ತನ್ನ ಕೆಲಸ ಮಾಡುತ್ತದೆ. ಸ್ಕಾಟ್ಲೆಂಡಿನ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಸುಮಾರು 2 ಪಾಲು ವಿಸ್ಕಿ ಆವಿಯಾದರೆ ಅಮೃತ್‌ನಲ್ಲಿ 10ರಿಂದ 12 ಪಾಲು ಹಾರಿಹೋಗುತ್ತದೆ. ಪ್ರತಿಯಾಗಿ ಮರದ ಗುಣ ಬೇಗ ಇಳಿಯುತ್ತದೆ. 2004ರಲ್ಲಿ ಗ್ಲಾಸ್ಗೋದಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಮಾರುಕಟ್ಟೆಗೆ ಬಂದಾಗ ಅದು ಜಗತ್ತಿಗೆ ತೋರಿಸಿದ್ದು ಇದನ್ನೇ: ಹಳತಾದಷ್ಟೂ ಒಳ್ಳೆಯದು ಎಂಬ ಅಳತೆಗೋಲು ಎಲ್ಲ ಊರಿಗೂ ಸಲ್ಲುವುದಿಲ್ಲ. ಛಾಂಗಿಗಂತೂ ಅದು ಸಲ್ಲುವುದೇ ಇಲ್ಲ. ಅದರ ಪ್ರಾಯ ಕೆಲವೇ ದಿನಗಳದು. ಆ ದಿನಗಳಲ್ಲಿ ಅದನ್ನು ಹಿಡಿಯಬೇಕು.

ಒಳ್ಳೆಯ ಛಾಂಗ್ ನಾಲಿಗೆಗೆ ಮೊದಲು ಸಿಹಿ, ನಡುವೆ ಹುಳಿ, ಗಂಟಲಿಳಿಯುವಾಗ ತುಸು ಒಗರು. ವಿನೆಗರಿನ ಘಾಟು ಮೂಗಿಗೆ ಬಡಿದರೆ ಹೊತ್ತು ಮೀರಿದೆ. ಸಕ್ಕರೆ ಕಲಸಿ ಆ ಹುಳಿಯನ್ನು ಮುಚ್ಚಿದರೆ ಅದು ಇನ್ನೂ ದೊಡ್ಡ ತಪ್ಪು. ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿದರೆ ಹಣ್ಣಿನ ಕಂಪು ಅಡಗಿಹೋಗುತ್ತದೆ. ಆ ಮೂರು ಗುಟುಕಿನ ಪದ್ಧತಿ ಶಿಷ್ಟಾಚಾರವಷ್ಟೇ ಅಲ್ಲ, ಒಳ್ಳೆಯ ಪರೀಕ್ಷೆಯೂ ಹೌದು: ಮೊದಲ ಗುಟುಕಿಗೆ ಬರೀ ಹುಳಿ ಅನಿಸಿದ್ದು ಮೂರನೆಯದಕ್ಕೆ ಕಾಳಿನ ರುಚಿಯಾಗಿ ತೆರೆದುಕೊಳ್ಳುತ್ತದೆ.

ಲೋಸಾರ್ ಮುಂಜಾನೆಯ ಛಾಂಗ್‌ಕೋಲ್ ಇದಕ್ಕಿಂತಲೂ ಒಂದು ಕೈ ಮೇಲು. ಛಾಂಗನ್ನು ಒಲೆಯ ಮೇಲೆ ಬೆಚ್ಚಗೆ ಮಾಡಿ ಬೆಲ್ಲ, ಛುರಾ ಎಂಬ ಒಣ ಗಿಣ್ಣು, ಒಂದು ಹಿಡಿ ತ್ಸಂಪಾ ಬೆರೆಸುತ್ತಾರೆ. ಬೆಂದ ಕಾಳಿನ ಹುಳಿಗೆ ಹುರಿದ ಕಾಳಿನ ಘಮ ಕೂಡುವುದು ಇಲ್ಲಿ. ಸ್ಟೌಟು ಭಟ್ಟಿಯಲ್ಲಿ ಹುರಿದು, ತಿಂಗಳುಗಟ್ಟಲೆ ಮರದಲ್ಲಿ ಕಾದು ಹುಡುಕುವ ಆಳ ಈ ಬಟ್ಟಲಿಗೆ ಕೆಲವೇ ನಿಮಿಷದಲ್ಲಿ ಬರುತ್ತದೆ, ಅದೂ ಬಾರ್ಲಿಯ ದನಿ ಅಡಗದಂತೆ. ತಳದಲ್ಲಿ ಛುರಾ ನೆನೆದು ಮೆತ್ತಗಾಗಿರುತ್ತದೆ. ಬಟ್ಟಲನ್ನು ಓರೆ ಮಾಡಿ ಬೆರಳಿನಿಂದ ಬಳಿದು ತಿನ್ನಬೇಕು.