ಡ್ಯೂಟಿ ಬಿಟ್ಟವರಿಗೆ ಡಿಗ್ರಿ

ಕೊಲ್ಲೂರಿನಿಂದ ಮಣಿಪಾಲಕ್ಕೆ ಸುಮಾರು ಎಂಬತ್ತು ಕಿಲೋಮೀಟರ್. ಹಾಲ್ಕಲ್, ಜಡ್ಕಲ್, ಚಿತ್ತೂರು, ವಂಡ್ಸೆ ದಾಟಿ ಹೆಮ್ಮಾಡಿಯಲ್ಲಿ ಹೆದ್ದಾರಿ ಹಿಡಿದು, ಕುಂದಾಪುರ, ಬ್ರಹ್ಮಾವರ ಹಾದು ಬಸ್ಸು ಅಲ್ಲಿ ಮುಟ್ಟುವಾಗ ಅರ್ಧ ಹಗಲು ಕಳೆದ ಹಾಗೆಯೇ. ಈ ದಾರಿಯುದ್ದಕ್ಕೂ ಇರುವ ಆರೋಗ್ಯ ಕೇಂದ್ರಗಳು, ಸಣ್ಣಪುಟ್ಟ ನರ್ಸಿಂಗ್ ಹೋಂಗಳು, ಕುಂದಾಪುರದ ಆಸ್ಪತ್ರೆಗಳು ಹಗಲೂ ರಾತ್ರಿ ನಡೆಯುವುದು ಬಹುಮಟ್ಟಿಗೆ ಜಿ.ಎನ್.ಎಂ. (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಡಿಪ್ಲೊಮಾ ಮಾಡಿದ ನರ್ಸ್‌ಗಳಿಂದ. ಮೂರು ವರ್ಷದ ಓದು, ನರ್ಸಿಂಗ್ ಕೌನ್ಸಿಲಿನ ನೋಂದಣಿ, ಆಮೇಲೆ ಪಾಳಿಯ ಮೇಲೆ ಪಾಳಿ. ಇವರಲ್ಲೊಬ್ಬರಿಗೆ ಹತ್ತು ವರ್ಷದ ಸರ್ವೀಸಿನ ನಂತರ ಪದವಿ ಬೇಕೆನಿಸಿದರೆ ಇರುವ ಮುಖ್ಯ ದಾರಿ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್. ವಾರ್ಡಿನ ಹಳಬರು ಇದನ್ನು ಇನ್ನೂ ‘ಪಿ.ಸಿ. ಬಿ.ಎಸ್ಸಿ.’ ಎಂದೇ ಕರೆಯುತ್ತಾರೆ.

ಕೋರ್ಸು ಎರಡು ವರ್ಷದ್ದು, ಪೂರ್ಣಾವಧಿಯದು. ಥಿಯರಿಗೂ ಪ್ರಾಕ್ಟಿಕಲ್‌ಗೂ ಪ್ರತ್ಯೇಕವಾಗಿ ಶೇ. 80 ಹಾಜರಾತಿ ಇರಬೇಕು, ಪದವಿ ಕೈಗೆ ಬರುವ ಮೊದಲು ಪ್ರಾಕ್ಟಿಕಲ್ ಹಾಜರಾತಿ ನೂರಕ್ಕೆ ನೂರು ತುಂಬಬೇಕು. ಅಂದರೆ ಡಿಪ್ಲೊಮಾ ನರ್ಸ್‌ಗೆಂದೇ ಇರುವ ಪದವಿಗೆ ಸೇರಲು ನೌಕರಿಯಲ್ಲಿರುವಾಕೆ ಮೊದಲು ನೌಕರಿ ಬಿಡಬೇಕು. ಈ ಕೋರ್ಸಿನ ಗುಣದೋಷಗಳನ್ನೆಲ್ಲ ತೂಗಿ ನೋಡಿದಾಗ ಉಳಿದ ಕೊರತೆಗಳು ತಿದ್ದಬಹುದಾದವು. ಬುಡದಲ್ಲಿರುವ ಗಂಟು ಇದೊಂದೇ.

ಡಿಪ್ಲೊಮಾ ಮತ್ತು ಪದವಿ ಎಂಬ ಈ ಎರಡು ಜಗಲಿಗಳು ಹಳೆಯವು. ದೇಶದಲ್ಲಿ ನರ್ಸಿಂಗ್ ಪದವಿ ಶುರುವಾದದ್ದು 1946ರಲ್ಲಿ, ದೆಹಲಿಯಲ್ಲಿ ಮತ್ತು ವೆಲ್ಲೂರಿನಲ್ಲಿ. ಮರುವರ್ಷ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು. ಆದರೆ ಆಸ್ಪತ್ರೆಗಳನ್ನು ಹೊತ್ತು ನಡೆಸಿದ್ದು ಆಸ್ಪತ್ರೆಗಳೇ ನಡೆಸುತ್ತಿದ್ದ ನರ್ಸಿಂಗ್ ಶಾಲೆಗಳಲ್ಲಿ ಕಲಿತವರು. ಉಡುಪಿಯಲ್ಲಿ 1923ರಲ್ಲಿ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ ಕಟ್ಟಿದ ಮಿಷನ್ ಆಸ್ಪತ್ರೆಯಂಥ ಕಡೆ ಕೆಲಸವೇ ಪಾಠಶಾಲೆ. ಹಾಸಿಗೆ ಪಕ್ಕ ನಿಂತು ಕಲಿಯುವುದು, ಹಿರಿಯ ಸಿಸ್ಟರ್ ಬೈದರೆ ತಿದ್ದಿಕೊಳ್ಳುವುದು. ಮಣಿಪಾಲದಲ್ಲಿ ನರ್ಸಿಂಗ್ ಕಾಲೇಜು ತಲೆಯೆತ್ತಿದ್ದು 1990ರಲ್ಲಿ. ಈಗ ಕುಂದಾಪುರದ ಹತ್ತಿರ ಮೂಡ್ಲಕಟ್ಟೆಯಲ್ಲೂ ನರ್ಸಿಂಗ್ ಕಾಲೇಜಿದೆ. ಪಿ.ಯು.ಸಿ. ಮುಗಿಸಿದ ಹುಡುಗಿ ನೇರವಾಗಿ ನಾಲ್ಕು ವರ್ಷದ ಬಿ.ಎಸ್ಸಿ.ಗೆ ಸೇರುವುದು ಈಗ ಮಾಮೂಲು. ಆಕೆ ಡ್ಯೂಟಿಗೆ ಬಂದ ಮೊದಲ ವಾರ ಐ.ವಿ. ಹಾಕಲು ಕಲಿಸಿಕೊಡುವ ಡಿಪ್ಲೊಮಾ ಸಿಸ್ಟರ್ ಮಾತ್ರ ಕಾಗದದ ಮೇಲೆ ಆಕೆಗಿಂತ ಒಂದು ಮೆಟ್ಟಿಲು ಕೆಳಗೆ.

ಈ ಅಂತರ ತುಂಬುವುದು ಪೋಸ್ಟ್ ಬೇಸಿಕ್‌ನ ಉದ್ದೇಶ. ಪಠ್ಯಕ್ರಮವನ್ನು ಬಿಡಿಸಿ ನೋಡಿದರೆ ಅದರಲ್ಲಿ ಎರಡು ಬೇರೆ ಬೇರೆ ಕೋರ್ಸುಗಳು ಒಟ್ಟಿಗೆ ಮಲಗಿರುವುದು ಕಾಣುತ್ತದೆ. ಮೊದಲನೆಯದು ಹೊಸತು: ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ, ನರ್ಸಿಂಗ್ ಶಿಕ್ಷಣ, ನರ್ಸಿಂಗ್ ಆಡಳಿತ, ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ. ಡಿಪ್ಲೊಮಾದಲ್ಲಿ ಇವು ಇರಲಿಲ್ಲ, ಇದ್ದರೂ ಮೇಲುಮೇಲಿನವು. ಎರಡನೆಯದು ಹಳತು: ಮೆಡಿಕಲ್ ಸರ್ಜಿಕಲ್, ತಾಯಂದಿರ ಆರೈಕೆ, ಮಕ್ಕಳ ಆರೈಕೆ, ಮನೋರೋಗ, ಸಮುದಾಯ ಆರೋಗ್ಯ. ಜಿ.ಎನ್.ಎಂ.ನಲ್ಲಿ ಓದಿ ಪಾಸಾದ ವಿಷಯಗಳೇ, ಸ್ವಲ್ಪ ಆಳವಾಗಿ.

ಹೊಸ ಭಾಗ ನಿಜಕ್ಕೂ ಬೆಲೆಯುಳ್ಳದ್ದು. ವಾರ್ಡ್ ಇನ್‌ಚಾರ್ಜ್ ಆದ ಸಿಸ್ಟರ್ ಒಬ್ಬರು ಡ್ಯೂಟಿ ಲಿಸ್ಟ್ ಹಾಕುವುದು, ಇಂಡೆಂಟ್ ಬರೆಯುವುದು, ರಜೆ ಕೇಳಿದವರಿಗೂ ಮ್ಯಾನೇಜ್‌ಮೆಂಟಿಗೂ ಮಧ್ಯೆ ಸಿಕ್ಕಿ ಒದ್ದಾಡುವುದು, ಇದನ್ನೆಲ್ಲ ಬಿದ್ದು ಎದ್ದು ಕಲಿತಿರುತ್ತಾರೆ. ಆಡಳಿತದ ಪಾಠ ಆ ಅನುಭವಕ್ಕೆ ಚೌಕಟ್ಟು ಕೊಡುತ್ತದೆ. ಮೈಕ್ರೋಬಯಾಲಜಿ ಚೆನ್ನಾಗಿ ತಿಳಿದರೆ ಗಾಯದ ಡ್ರೆಸ್ಸಿಂಗ್ ಮಾಡುವ ಕೈಗೆ ಕಾರಣವೂ ಗೊತ್ತಿರುತ್ತದೆ.

ಹಳೆಯ ಭಾಗದ ಕತೆ ಬೇರೆ. ಕೌನ್ಸಿಲಿನ ನಿಯಮದಂತೆ ಪೋಸ್ಟ್ ಬೇಸಿಕ್ ಸೇರಲು ಪಿ.ಯು.ಸಿ., ಜಿ.ಎನ್.ಎಂ. ಮತ್ತು ನೋಂದಣಿ ಸಾಕು. ಸೇವಾ ಅನುಭವದ ಪ್ರಶ್ನೆಯೇ ಇಲ್ಲ. ಹೀಗಾಗಿ ನಿನ್ನೆ ಡಿಪ್ಲೊಮಾ ಮುಗಿಸಿದ ಇಪ್ಪತ್ತೊಂದರ ಹುಡುಗಿಯೂ, ಹೆರಿಗೆ ಕೋಣೆಯಲ್ಲಿ ಹತ್ತು ವರ್ಷ ಕಳೆದ ಸಿಸ್ಟರೂ ಒಂದೇ ಬೆಂಚಿನಲ್ಲಿ ಕೂತು ಹೆರಿಗೆಯ ಹಂತಗಳನ್ನು ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ. ಪ್ರಾಕ್ಟಿಕಲ್ ಗಂಟೆಗಳೂ ಇಬ್ಬರಿಗೆ ಒಂದೇ. ಇಪ್ಪತ್ತೊಂದರವಳಿಗೆ ಈ ಗಂಟೆಗಳು ಬೇಕೇ ಬೇಕು. ಹತ್ತು ವರ್ಷದ ಸರ್ವೀಸಿನವರು ಕಳೆದ ವಾರದವರೆಗೆ ಸಂಬಳಕ್ಕೆ ಮಾಡಿದ ಅದೇ ಕೆಲಸವನ್ನು ಈಗ ಫೀಸು ಕಟ್ಟಿ ಮಾಡುತ್ತಾರೆ.

ಸಂಶೋಧನೆಯ ಪಾಠವನ್ನು ಇನ್ನೂ ಹತ್ತಿರದಿಂದ ನೋಡಬೇಕು. ಕೋರ್ಸಿನ ಹೆಗ್ಗಳಿಕೆ ಅಡಗಿರುವುದೂ ಅಲ್ಲೇ, ಹಾಳಾಗುವುದೂ ಅಲ್ಲೇ. ಕರ್ನಾಟಕದ ನರ್ಸಿಂಗ್ ಕಾಲೇಜುಗಳ ಪ್ರಾಜೆಕ್ಟುಗಳಲ್ಲಿ, ಎಂ.ಎಸ್ಸಿ.ಯ ಪ್ರಬಂಧಗಳಲ್ಲಂತೂ, ಒಂದು ಅಚ್ಚು ಬಹಳ ಚಾಲ್ತಿಯಲ್ಲಿದೆ. ಅದಕ್ಕೆ ಎಸ್.ಟಿ.ಪಿ. ಎಂದು ಹೆಸರು: ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂ. ಒಂದು ವಿಷಯ ಆರಿಸುವುದು, ರಕ್ತಹೀನತೆಯೋ, ಎದೆಹಾಲೋ, ಡೆಂಗಿಯೋ. ಒಂದಷ್ಟು ಹೆಂಗಸರಿಗೋ ಶಾಲೆ ಮಕ್ಕಳಿಗೋ ಪ್ರಶ್ನಾವಳಿ ಕೊಡುವುದು. ಚಾರ್ಟ್ ತೋರಿಸಿ ಪಾಠ ಹೇಳುವುದು. ಕೆಲವು ದಿನ ಬಿಟ್ಟು ಅದೇ ಪ್ರಶ್ನಾವಳಿ ಮತ್ತೆ ಕೊಡುವುದು. ಪೇರ್ಡ್ ‘ಟಿ’ ಟೆಸ್ಟ್ ಹಾಕಿ ಜ್ಞಾನ ಹೆಚ್ಚಿತೆಂದು ಬರೆಯುವುದು. ವಯಸ್ಸಿಗೂ ಧರ್ಮಕ್ಕೂ ಮನೆಯ ವರಮಾನಕ್ಕೂ ಕೈ-ಸ್ಕ್ವೇರ್ ತಾಳೆ ನೋಡುವುದು. ಪಾಠ ಹೇಳಿದ ಮೇಲೆ ಪಾಠದ ಪ್ರಶ್ನೆಗೇ ಉತ್ತರ ಕೇಳಿದರೆ ಅಂಕ ಏರದೆ ಇನ್ನೇನಾದೀತು? ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ಕೇಳುವುದನ್ನೇ ಸಂಶೋಧನೆಯೆಂದು ವಿದ್ಯಾರ್ಥಿನಿ ಕಲಿತು ಹೋಗುತ್ತಾಳೆ.

ಕೆಲಸದಲ್ಲಿರುವ ನರ್ಸ್ ಬಳಿ ಇದಕ್ಕಿಂತ ಒಳ್ಳೆಯ ಪ್ರಶ್ನೆಗಳ ರಾಶಿಯೇ ಇರುತ್ತದೆ. ಪಾರ್ಟೋಗ್ರಾಫ್ ಎಂಬ ಹಾಳೆಯನ್ನೇ ತೆಗೆದುಕೊಳ್ಳಿ. ಗರ್ಭಕೊರಳು ತೆರೆಯುವ ವೇಗ, ಮಗುವಿನ ಎದೆಬಡಿತ, ತಾಯಿಯ ಬಿ.ಪಿ.ಗಳನ್ನು ನೋವು ನಡೆಯುತ್ತಿರುವಾಗಲೇ ಗುರುತಿಸುತ್ತ ಹೋಗಬೇಕಾದ ಹಾಳೆ ಅದು. ಗೆರೆ ದಾಟಿದರೆ ಡಾಕ್ಟರನ್ನು ಕರೆಯಬೇಕು, ಮೇಲಿನ ಆಸ್ಪತ್ರೆಗೆ ಕಳಿಸಬೇಕು. ರಾತ್ರಿ ಒಬ್ಬಳೇ ಸಿಸ್ಟರ್ ಮೂರು ಕಡೆ ಓಡಾಡುವ ವಾರ್ಡುಗಳಲ್ಲಿ ಹಾಳೆ ಹೆರಿಗೆ ಮುಗಿದ ಮೇಲೆ ತುಂಬುವುದೂ ಉಂಟು. ಎಷ್ಟು ಹಾಳೆಗಳು ಸಮಯಕ್ಕೆ ಸರಿಯಾಗಿ ತುಂಬಿವೆ, ಯಾವ ಪಾಳಿಯಲ್ಲಿ ತಪ್ಪುತ್ತಿದೆ, ರಾತ್ರಿ ಇನ್ನೊಬ್ಬಳನ್ನು ಹಾಕಿದರೆ ಲೆಕ್ಕ ಬದಲಾಗುತ್ತದೆಯೆ? ಆರು ತಿಂಗಳ ಕೇಸ್ ಶೀಟ್ ಮತ್ತು ಒಂದು ನೋಟ್‌ಬುಕ್ಕಿದ್ದರೆ ಈ ಅಧ್ಯಯನ ಆಗುತ್ತದೆ. ಆದರೆ ಅದನ್ನು ಮಾಡಲು ಆಕೆ ತನ್ನದೇ ಆಸ್ಪತ್ರೆಯಲ್ಲಿ ಕೆಲಸದಲ್ಲಿರಬೇಕು. ನೌಕರಿ ಬಿಟ್ಟು ಬಂದವಳಿಗೆ ಆ ಕೇಸ್ ಶೀಟುಗಳೂ ಇಲ್ಲ, ಆ ಪಾಳಿಯೂ ಇಲ್ಲ.

ಪದವಿಯಿಂದ ರೋಗಿಗೆ ಏನು ಲಾಭ ಎಂದು ಕೇಳಿದರೆ ಎರಡು ಅಧ್ಯಯನಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಲಿಂಡಾ ಏಕನ್ ಮತ್ತು ಸಂಗಡಿಗರು 2003ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸೆ ರೋಗಿಗಳ ದಾಖಲೆ ನೋಡಿ, ಪದವೀಧರ ನರ್ಸ್‌ಗಳ ಪಾಲು ಶೇ. 10ರಷ್ಟು ಹೆಚ್ಚಿದ್ದ ಕಡೆ ಸಾವಿನ ಸಂಭವ ಶೇ. 5ರಷ್ಟು ಕಡಿಮೆ ಇತ್ತೆಂದು ತೋರಿಸಿದರು. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳಲ್ಲಿ ನಡೆದ ಅಧ್ಯಯನದಲ್ಲಿ ಈ ಸಂಖ್ಯೆ ಶೇ. 7ರ ಸುಮಾರಿಗಿತ್ತು. ಕಾಲೇಜುಗಳ ಪ್ರಚಾರಕ್ಕೆ ಇಷ್ಟು ಸಾಕು. ಅದೇ ಯುರೋಪಿನ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತ್ತು: ಒಬ್ಬ ನರ್ಸ್ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಸಾವಿನ ಸಂಭವವೂ ಶೇ. 7ರಷ್ಟು ಏರುತ್ತದೆ. ನಮ್ಮ ನರ್ಸಿಂಗ್ ಕೌನ್ಸಿಲಿನ ಮಾನದಂಡವೇ ಸಾಮಾನ್ಯ ಆಸ್ಪತ್ರೆಗಳಲ್ಲಿ ಐದು ರೋಗಿಗೆ ಒಬ್ಬ ನರ್ಸ್, ಬೋಧನಾ ಆಸ್ಪತ್ರೆಗಳಲ್ಲಿ ಮೂವರಿಗೆ ಒಬ್ಬರು. ರಾತ್ರಿ ಪಾಳಿಯಲ್ಲಿ ಯಾವುದಾದರೂ ಜನರಲ್ ವಾರ್ಡಿಗೆ ಹೋಗಿ ತಲೆ ಎಣಿಸಿದರೆ ಈ ಲೆಕ್ಕ ಎಲ್ಲಿ ನಿಂತಿದೆಯೆಂದು ತಿಳಿಯುತ್ತದೆ. ಒಬ್ಬ ಸಿಸ್ಟರನ್ನು ಎರಡು ವರ್ಷ ವಾರ್ಡಿನಿಂದ ಹೊರಗೆಳೆದು ಪದವೀಧರೆಯನ್ನಾಗಿಸುವ ಪದ್ಧತಿ ಈ ಕೈಯಲ್ಲಿ ಕೊಟ್ಟು ಆ ಕೈಯಲ್ಲಿ ಕಿತ್ತುಕೊಳ್ಳುತ್ತದೆ.

ನರ್ಸ್‌ಗೆ ಏನು ಲಾಭ? ಸಂಬಳದ ಮಟ್ಟಿಗೆ ಹೇಳಿಕೊಳ್ಳುವಂಥದ್ದಿಲ್ಲ. ಸುಪ್ರೀಂ ಕೋರ್ಟಿನ 2016ರ ನಿರ್ದೇಶನದ ಮೇಲೆ ಕೇಂದ್ರ ನೇಮಿಸಿದ ಸಮಿತಿ ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸಂಬಳಕ್ಕೆ ಶಿಫಾರಸು ಮಾಡಿದಾಗ ಅಳತೆಗೋಲು ಹಾಸಿಗೆಗಳ ಸಂಖ್ಯೆಯಾಗಿತ್ತು. ಇನ್ನೂರಕ್ಕೂ ಹೆಚ್ಚು ಹಾಸಿಗೆಯಿದ್ದರೆ ಸರಕಾರಿ ನರ್ಸ್‌ಗೆ ಸಮನಾಗಿ, ಐವತ್ತಕ್ಕಿಂತ ಕಡಿಮೆ ಇದ್ದರೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ. ಕುಂದಾಪುರ, ಬೈಂದೂರು ಭಾಗದ ಸಣ್ಣ ನರ್ಸಿಂಗ್ ಹೋಂಗಳು ಈ ಕೊನೆಯ ಮೆಟ್ಟಿಲಿಗೆ ಬರುತ್ತವೆ. ಅಲ್ಲಿ ಕೆಲಸ ಮಾಡುವವರ ಪಾಲಿಗೆ ಪದವಿಗಿಂತ ಆ ಶಿಫಾರಸು ಜಾರಿಗೆ ಬಂದರೆ ಹೆಚ್ಚು ಲಾಭ.

ಲಾಭವಿರುವುದು ಬಾಗಿಲುಗಳಲ್ಲಿ. ಎಂ.ಎಸ್ಸಿ. ನರ್ಸಿಂಗ್‌ಗೆ ಪದವಿ ಬೇಕು, ಪಾಠ ಹೇಳುವ ಕೆಲಸಕ್ಕೂ ಬೇಕು. ಸೌದಿಯಲ್ಲಿ ಡಿಪ್ಲೊಮಾದವರನ್ನು ಟೆಕ್ನಿಷಿಯನ್ ಎಂದೂ ಪದವೀಧರರನ್ನು ಸ್ಪೆಷಲಿಸ್ಟ್ ಎಂದೂ ಬೇರೆ ಮಾಡಿ ಇಡುತ್ತಾರೆ, ಸಂಬಳವೂ ಹಾಗೆಯೇ ಬೇರೆ. ಕರಾವಳಿಯ ಎಷ್ಟೋ ಮನೆಗಳಲ್ಲಿ ಪೋಸ್ಟ್ ಬೇಸಿಕ್‌ಗೆ ಸಾಲ ಮಾಡುವ ಧೈರ್ಯ ಬರುವುದು ಗಲ್ಫ್ ನೆನೆದೇ. ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಸಮುದಾಯ ಆರೋಗ್ಯಾಧಿಕಾರಿಯ ಹುದ್ದೆಗಳು ಬಂದ ಮೇಲೆ ಊರಿನಲ್ಲೇ ಇದ್ದು ದುಡಿಯುವ ಇನ್ನೊಂದು ದಾರಿಯೂ ತೆರೆದಿದೆ. ಏಮ್ಸ್‌ನ ನರ್ಸಿಂಗ್ ಆಫೀಸರ್ ಪರೀಕ್ಷೆಯ ನಿಯಮ ಮಾತ್ರ ಗಮನಿಸಬೇಕಾದ್ದು: ಪದವಿಯಿದ್ದವರು ನೇರವಾಗಿ ಬರೆಯಬಹುದು, ಜಿ.ಎನ್.ಎಂ.ನವರು ಐವತ್ತು ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದಿದ್ದರೆ ಸಾಕು. ಎರಡು ವರ್ಷದ ಕೆಲಸವನ್ನು ಪದವಿಯ ಪಕ್ಕದಲ್ಲಿ ಕೂರಿಸುವುದು ನೌಕರಿ ಕೊಡುವವರಿಗೆ ಸಾಧ್ಯವಾಗಿದೆ. ಪದವಿ ಕೊಡುವವರಿಗೆ ಇನ್ನೂ ಆಗಿಲ್ಲ.

ಈ ಮಾತಿಗೆ ಒಂದು ಅಪವಾದವಿದೆ, ಅದು ಇಗ್ನೋ. ಈ ಮುಕ್ತ ವಿಶ್ವವಿದ್ಯಾಲಯ ಕೆಲಸದಲ್ಲಿರುವ ನರ್ಸ್‌ಗಳಿಗೆಂದೇ ತೊಂಬತ್ತರ ದಶಕದಲ್ಲಿ ಪೋಸ್ಟ್ ಬೇಸಿಕ್ ಶುರುಮಾಡಿತು. ಕನಿಷ್ಠ ಮೂರು ವರ್ಷದ ಓದು. ಪಿ.ಯು.ಸಿ. ಮೇಲೆ ಡಿಪ್ಲೊಮಾ ಮಾಡಿದವರಿಗೆ ಎರಡು ವರ್ಷದ ಸೇವೆ, ಎಸ್ಸೆಸ್ಸೆಲ್ಸಿ ಮೇಲೆ ಮಾಡಿದವರಿಗೆ ಐದು ವರ್ಷದ ಸೇವೆ ಇರಬೇಕೆಂಬ ಷರತ್ತು. ಪ್ರವೇಶ ಪರೀಕ್ಷೆಯುಂಟು, ಕೇಂದ್ರಕ್ಕೆ ಹೋಗಿ ಪ್ರಾಕ್ಟಿಕಲ್ ಮುಗಿಸಬೇಕು. ಪಿ.ಯು.ಸಿ. ಇಲ್ಲದ ಹಳೆಯ ಸಿಸ್ಟರುಗಳಿಗೆ ಅವರ ಸೇವೆಯನ್ನೇ ಮೆಟ್ಟಿಲಾಗಿಸಿದ ಒಂದು ನಿಯಮಕ್ಕೇ ಇಗ್ನೋ ಹೊಗಳಿಕೆಗೆ ಪಾತ್ರ. ಆದರೆ ಪುಸ್ತಕ, ಪರೀಕ್ಷೆ ಎಲ್ಲವೂ ಇಂಗ್ಲಿಷ್. ಸೀಟುಗಳು ಕಡಿಮೆ, ಕೇಂದ್ರಗಳು ದೊಡ್ಡ ಊರುಗಳಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದು, ಕುಂದಾಪ್ರ ಕನ್ನಡದಲ್ಲಿ ಗೋಳು ತೋಡಿಕೊಳ್ಳುವ ಅಜ್ಜಿಯನ್ನೂ ಮಲಯಾಳದಲ್ಲಿ ಮಾತಾಡುವ ಕೊಲ್ಲೂರಿನ ಯಾತ್ರಿಕರನ್ನೂ ಒಂದೇ ಪಾಳಿಯಲ್ಲಿ ಸಂಭಾಳಿಸುವ ಸಿಸ್ಟರ್‌ಗೆ ಅಲ್ಲಿ ಇಂಗ್ಲಿಷ್ ಪ್ರಬಂಧ ಬರೆಯುವುದೇ ಕಷ್ಟದ ಪೇಪರಾಗುತ್ತದೆ.

ಸರಕಾರಿ ಸೇವೆಯಲ್ಲಿರುವವರಿಗೆ ನಿಯೋಜನೆಯ ಮೇಲೆ ಓದಲು ಹೋಗುವ ಸೌಲಭ್ಯವಿದೆ. ಖಾಸಗಿಯವರಿಗೆ ಅದಿಲ್ಲ. ಈ ಕಂದಕದಲ್ಲೇ ‘ನಾನ್ ಅಟೆಂಡಿಂಗ್’ ಎಂಬ ಕಳ್ಳದಾರಿ ಹುಟ್ಟಿಕೊಂಡಿದೆ. ಹೆಸರು ಒಂದು ಕಾಲೇಜಿನಲ್ಲಿ, ಆಳು ಬೇರೆಲ್ಲೋ ಡ್ಯೂಟಿಯಲ್ಲಿ, ಹಾಜರಿ ಪುಸ್ತಕದಲ್ಲಿ ಮಾತ್ರ ದಿನವೂ ಪ್ರತ್ಯಕ್ಷ. ಇದನ್ನು ಬರೀ ಮೋಸವೆಂದು ತಳ್ಳಿಹಾಕುವುದು ಸುಲಭ, ಮೋಸವಂತೂ ಹೌದು. ಹಾಗೆ ಬಂದ ಪದವಿಯಿಂದ ರೋಗಿಗೂ ಲಾಭವಿಲ್ಲ, ನಿಯತ್ತಾಗಿ ಓದಿದವರಿಗೆ ಅವಮಾನ. ಆದರೆ ಸಂಬಳ ನಿಂತರೆ ಒಲೆ ಉರಿಯದ ಮನೆಯವಳ ಮುಂದೆ ಶೇ. 80ರ ನಿಯಮವಿಟ್ಟು ಸುಮ್ಮನೆ ಕೂತ ವ್ಯವಸ್ಥೆಗೂ ಇದರಲ್ಲಿ ಪಾಲಿದೆ.

ಹೊರಗಿನವರು ಇದನ್ನು ಬೇರೆ ರೀತಿ ಬಿಡಿಸಿಕೊಂಡಿದ್ದಾರೆ. ಬ್ರಿಟನ್ 2013ರಿಂದ ಹೊಸ ನರ್ಸ್‌ಗಳಿಗೆ ಪದವಿ ಕಡ್ಡಾಯ ಮಾಡಿದಾಗ ಹಳೆಯ ಡಿಪ್ಲೊಮಾವನ್ನು 240 ಕ್ರೆಡಿಟ್ ಎಂದು ಒಪ್ಪಿ, ಉಳಿದ 120ನ್ನು ಮಾತ್ರ ಓದಿಸಿತು. ಅಮೆರಿಕದ ನ್ಯೂಯಾರ್ಕ್ ರಾಜ್ಯ 2017ರಲ್ಲಿ ಕಾನೂನು ತಂದು, ಹೊಸದಾಗಿ ನೋಂದಾಯಿಸಿಕೊಳ್ಳುವ ನರ್ಸ್‌ಗಳು ನೋಂದಣಿಯಾದ ಹತ್ತು ವರ್ಷದೊಳಗೆ ಪದವಿ ಪಡೆಯಬೇಕೆಂದಿತು. ಕೆಲಸ ಮೊದಲು, ಪದವಿ ಕೆಲಸದ ಜೊತೆಗೆ. ಅಲ್ಲಿನ ಇಂಥ ಕೋರ್ಸುಗಳು ಹಾಸಿಗೆ ಪಕ್ಕದ ಕೌಶಲವನ್ನು ಮತ್ತೆ ಕಲಿಸುವ ಗೋಜಿಗೆ ಹೆಚ್ಚು ಹೋಗದೆ ಸಮುದಾಯ ಆರೋಗ್ಯ, ನಾಯಕತ್ವ, ಸಂಶೋಧನೆಗೆ ಒತ್ತು ಕೊಡುತ್ತವೆ.

ನಮ್ಮಲ್ಲೂ ನಾಲ್ಕು ವರ್ಷದ ಬಿ.ಎಸ್ಸಿ.ಗೆ 2021ರಲ್ಲಿ ಸೆಮಿಸ್ಟರ್ ಮತ್ತು ಕ್ರೆಡಿಟ್ ಪದ್ಧತಿ ಬಂದಿದೆ. ಕ್ರೆಡಿಟ್ ಎಂದ ಮೇಲೆ ಅನುಭವಕ್ಕೂ ಕ್ರೆಡಿಟ್ ಕೊಡಬಹುದು. ಕೊಲ್ಲೂರಿನ ಸುತ್ತಲ ಕಾಡಂಚಿನ ಊರುಗಳನ್ನೇ ನೋಡಿ. ಘಟ್ಟದ ಮೇಲೆ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಾದ ಮಂಗನ ಕಾಯಿಲೆ 2019ರಲ್ಲಿ ಸಾಗರದ ಕಡೆ ಉಲ್ಬಣಿಸಿದಾಗ ರೋಗಿಗಳು ಘಟ್ಟ ಇಳಿದು ಬಂದದ್ದು ಮಣಿಪಾಲಕ್ಕೆ. ಇಂಥ ಸೀಮೆಯಲ್ಲಿ ಸತ್ತ ಮಂಗದ ಸುದ್ದಿ ಬಂದ ಕೂಡಲೇ ವರದಿ ಮಾಡುವ, ಕಾಡಿಗೆ ಹೋಗುವವರಿಗೆ ಉಣ್ಣಿ ಕಚ್ಚದಂತೆ ಎಚ್ಚರಿಕೆ ಹೇಳುವ, ಜ್ವರದವರ ಮನೆಗೆ ನಡೆದು ಹೋಗುವ ಸಿಸ್ಟರ್‌ನ ಒಂದು ಬೇಸಿಗೆಯ ದಾಖಲೆ ಸಮುದಾಯ ಆರೋಗ್ಯದ ಯಾವ ಪ್ರಾಕ್ಟಿಕಲ್‌ಗೂ ಕಡಿಮೆಯಿಲ್ಲ. ಅದನ್ನು ಪರಿಶೀಲಿಸಿ ಅಂಕ ಕೊಡಲು ಬೇಕಾದ್ದು ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಬರುವ ಒಬ್ಬ ಅಧ್ಯಾಪಕಿ. ಥಿಯರಿ ತರಗತಿಗಳನ್ನು ವಾರಕ್ಕೆ ಎರಡು ದಿನ ಕುಂದಾಪುರದಲ್ಲಿ ನಡೆಸಿದರೆ ಬೈಂದೂರಿನವರಿಗೂ ಬ್ರಹ್ಮಾವರದವರಿಗೂ ಒಂದೇ ಬಸ್ಸಿನ ದೂರ. ಆ ಎರಡು ದಿನ ಪಾಳಿ ಹೊಂದಿಸಿಕೊಡುವುದು ಆಸ್ಪತ್ರೆಯ ಪಾಲು.

1947ರ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂದಿದೆ. ಪೋಸ್ಟ್ ಬೇಸಿಕ್‌ನ ಪಠ್ಯವನ್ನು ತಿದ್ದಲು ಆ ಆಯೋಗ ಕೂತಾಗ ವಿಷಯಗಳ ಪಟ್ಟಿಯನ್ನು ಆಮೇಲೆ ನೋಡಬಹುದು. ಮೊದಲು ಎತ್ತಿಕೊಳ್ಳಬೇಕಾದ್ದು ಹಾಜರಾತಿಯ ನಿಯಮವನ್ನು, ಮತ್ತು ಆ ಶೇ. 80ರಲ್ಲಿ ನರ್ಸ್‌ನ ಸ್ವಂತ ವಾರ್ಡಿನ ಎಷ್ಟು ಗಂಟೆಗಳನ್ನು ಸೇರಿಸಿಕೊಳ್ಳಬಹುದೆಂಬ ಲೆಕ್ಕವನ್ನು.