ರಕ್ತಶೋಧನೆಯ ಚರಿತ್ರೆ: ಒಂದು ವಿಮರ್ಶೆ

ಹೀಮೋಡಯಾಲಿಸಿಸ್ ಎಂಬ ರಕ್ತಶೋಧನೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಸಾಧನಗಳನ್ನು ಮುಂದಿಡುತ್ತಾರೆ. 1943ರಲ್ಲಿ ಹಾಲೆಂಡಿನ ಕಾಂಪೆನ್ ಪಟ್ಟಣದಲ್ಲಿ ವಿಲೆಂ ಕೋಲ್ಫ್ ಬಳಸಿದ, ಸೆಲೊಫೇನ್ ನಳಿಕೆ ಸುತ್ತಿದ ತಿರುಗುವ ಉರುಳೆಯು ಮೊದಲನೆಯದು. 1960ರಲ್ಲಿ ಅಮೆರಿಕದ ಸಿಯಾಟಲಿನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ರೋಗಿಯ ತೋಳಿನಲ್ಲಿ ನೆಲೆಗೊಳಿಸಿದ ಟೆಫ್ಲಾನ್ ನಳಿಕೆಯು ಎರಡನೆಯದು. ಅದರಿಂದ ಮೂತ್ರಪಿಂಡಗಳು ಪೂರ್ತಿ ಕೆಟ್ಟವರೂ ವರ್ಷಗಟ್ಟಲೆ ಬದುಕುವಂತಾಯಿತು. ಇದು ನಿಜ; ಆದರೆ ಅರ್ಧ ನಿಜವೆಂದು ನಮ್ಮ ಅಭಿಪ್ರಾಯ.

ರಕ್ತದ ಕಶ್ಮಲವನ್ನು ಸೋಸಿದರಷ್ಟೇ ಸಾಲದು. ಮೂತ್ರ ನಿಂತ ದೇಹದಲ್ಲಿ ಒಂದು ಶೋಧನೆಯಿಂದ ಮತ್ತೊಂದರವರೆಗೆ ಉಪ್ಪೂ ನೀರೂ ಸಂಚಯವಾಗಿ ರಕ್ತದೊತ್ತಡವನ್ನು ಏರಿಸುತ್ತವೆ. ಸಿಯಾಟಲಿನ ವೈದ್ಯರು ಆಹಾರದ ಉಪ್ಪನ್ನು ಮಿತಗೊಳಿಸಿ, ಹೆಚ್ಚಿನ ನೀರನ್ನು ತೆಗೆದು, ಆ ಒತ್ತಡವನ್ನು ಇಳಿಸಿದರು. ಯಂತ್ರದ ವರ್ಣನೆಯಲ್ಲಿ ಈ ಸಂಗತಿ ಮರೆಯಾಗುತ್ತದೆ.

1999ರಲ್ಲಿ ಫ್ರಾನ್ಸಿನ ಜಾಕ್ ಬ್ಲಾಶೆ ಮತ್ತು ಸಹೋದ್ಯೋಗಿಗಳು ಮಹಾಧಮನಿಯಲ್ಲಿ ನಾಡಿಯ ಅಲೆ ಸಾಗುವ ವೇಗವನ್ನು ಅಳೆದರು. ಧಮನಿಯು ಪೆಡಸಾದಷ್ಟೂ ಅಲೆ ವೇಗವಾಗಿ ಸಾಗುತ್ತದೆ, ಇಂಥ ರೋಗಿಗಳಲ್ಲಿ ಮರಣದ ಸಂಭವವೂ ಹೆಚ್ಚುತ್ತದೆ ಎಂದು ತೋರಿಸಿದರು. ನೀರಿನ ಹೊರೆಯು ಧಮನಿಯನ್ನು ಹಿಗ್ಗಿಸಿ ಬಿಗಿಯಾಗಿಸುತ್ತದೆ. ಆ ಹೊರೆಯನ್ನು ಕೆಲವು ಗಂಟೆಗಳಲ್ಲಿ ಇಳಿಸಬಹುದು. ವರ್ಷಗಳಿಂದ ಸುಣ್ಣ ಕಟ್ಟಿದ ಧಮನಿಯ ಗೋಡೆಯನ್ನು ಹಾಗೆ ಮೆತ್ತಗಾಗಿಸಲಾಗದು. ಆದುದರಿಂದ ಶೋಧನೆಯ ಬಳಿಕ ತೂಗಿದ ಒಂದು ದಿನದ ತೂಕವನ್ನೇ ಕಂಡು ಸಮತೋಲ ಸಿದ್ಧಿಸಿತೆನ್ನುವುದು, ಒಂದು ಶಾಸನವನ್ನೋದಿ ರಾಜ್ಯದ ಏಳುಬೀಳನ್ನೆಲ್ಲ ನಿರ್ಣಯಿಸಿದಂತೆ.

ಯಂತ್ರವನ್ನು ಕಟ್ಟಿದವರಿಗೆ ಚರಿತ್ರೆಯಲ್ಲಿ ಗೌರವದ ಸ್ಥಾನ ಸಲ್ಲಲೇಬೇಕು. ಅದರೊಡನೆ ಪ್ರತಿದಿನವೂ ಉಪ್ಪನ್ನು ಬಿಟ್ಟು, ಬಾಯಾರಿಕೆಯನ್ನು ಅಳೆದು ತಣಿಸಿಕೊಂಡ ರೋಗಿಗಳಿಗೂ ಸ್ಥಾನವಿರಬೇಕು. ಅವರನ್ನು ಬಿಟ್ಟರೆ, ಯಂತ್ರವು ಹೇಗೆ ನಡೆಯಿತೆಂಬುದನ್ನು ತಿಳಿದೇವು. ಮನುಷ್ಯರು ಹೇಗೆ ಬದುಕಿದರೆಂಬುದನ್ನು ತಿಳಿಯಲಾರೆವು.